ಬೆಂಚ್ ಪ್ರೆಸ್ ವಾರಕ್ಕೆ ಒಂದೇ ಸಲ ಸಾಕಾ, ಮೂರು ಸಲ ಬೇಕಾ? ಏಳು ತಿಂಗಳಿಂದ 70 ಕೆಜಿಯಲ್ಲೇ ನಿಂತಿದ್ದೀನಿ

ಬೆಣ್ಣೆನಗರಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು, ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ವಯಸ್ಸು 36, ತೂಕ 72 ಕೆಜಿ. ಎರಡೂವರೆ ವರ್ಷದಿಂದ ತಪ್ಪದೆ ಜಿಮ್‌ಗೆ ಹೋಗ್ತಿದ್ದೀನಿ.

ನಮ್ಮ ಜಿಮ್ಮಿನಲ್ಲಿ ಸೋಮವಾರ ಅಂದ್ರೆ ಎದೆ. ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ಕಾಲು, ಶುಕ್ರವಾರ ಕೈ. ನಾನು ಸೇರಿದಾಗಿನಿಂದ ಇದೇ ಪಟ್ಟಿ. ಸೋಮವಾರ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಬಾರ್ ಎದೆಗೆ ಇಳಿಸಿ ಎತ್ತೋದು) 5 ಸೆಟ್, ಅಂದ್ರೆ ಐದು ಸುತ್ತು: 50 ಕೆಜಿ 10 ಸಲ, 60 ಕೆಜಿ 8 ಸಲ, ಆಮೇಲೆ 70 ಕೆಜಿ 5, 4, 3 ಸಲ. ಅದಾದ ಮೇಲೆ ಇನ್‌ಕ್ಲೈನ್ 4 ಸೆಟ್, ಡಂಬೆಲ್ ಪ್ರೆಸ್ 4, ಫ್ಲೈ 4. ಎಲ್ಲ ಸೆಟ್ಟೂ ಇನ್ನು ಆಗಲ್ಲ ಅನ್ನೋವರೆಗೆ. ಮಂಗಳವಾರ ಬೋರ್ಡಿನ ಮೇಲ್ಭಾಗದಲ್ಲಿ ಬರೆಯೋಕೆ ಕೈ ಎತ್ತಿದ್ರೆ ಎದೆ ಎಳೆಯುತ್ತೆ, ಆ ನೋವು ಗುರುವಾರದ ತನಕ ಇರುತ್ತೆ.

ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡೋ ಅಭ್ಯಾಸ ನನ್ನದು. ಹಿಂದೆ ತಿರುಗಿಸಿ ನೋಡಿದೆ. ಕಳೆದ 30 ಸೋಮವಾರಗಳಲ್ಲಿ ನಾಲ್ಕು ತಪ್ಪಿವೆ. ಉಳಿದ 26 ಸಲವೂ 70 ಕೆಜಿ 5 ಸಲ. ಎರಡು ಬಾರಿ 72.5 ಹಾಕಿ ನೋಡಿದೆ, ಎರಡಕ್ಕೇ ನಿಂತಿತು.

ಬೆಂಗಳೂರಿನಲ್ಲಿರೋ ಗೆಳೆಯ ವಾರಕ್ಕೆ ಮೂರು ದಿನ ಬೆಂಚ್ ಮಾಡ್ತಾನೆ, ಅವನಿಗೆ ಏರ್ತಾ ಇದೆ. ಇಲ್ಲಿನ ಟ್ರೈನರ್ ಕೇಳಿದ್ರೆ ಒಂದು ಮಸಲ್‌ಗೆ ಒಂದು ವಾರ ವಿಶ್ರಾಂತಿ ಬೇಕೇ ಬೇಕು ಅಂತಾರೆ. ನನಗೆ ಹೊಳೆಯೋದು ನನ್ನ ಕ್ಲಾಸಿನ ವಿಷಯ. 13ರ ಮಗ್ಗಿಯನ್ನ ಸೋಮವಾರ ಒಂದೇ ದಿನ ಎರಡು ಗಂಟೆ ಹೇಳಿಸಿದ್ರೆ ಮುಂದಿನ ಸೋಮವಾರ ಮಕ್ಕಳಿಗೆ ನೆನಪಿರಲ್ಲ. ದಿನಾ ಹತ್ತು ನಿಮಿಷ ಹೇಳಿಸಿದ್ರೆ ಬಾಯಿಗೆ ಬಂದುಬಿಡುತ್ತೆ. ಭಾರ ಎತ್ತೋದಕ್ಕೂ ಈ ಲೆಕ್ಕ ಹೊಂದುತ್ತಾ, ಅಥವಾ ಮೈಯ ಲೆಕ್ಕವೇ ಬೇರೆಯಾ?

ನಲವತ್ತಾಗೋದರೊಳಗೆ ಒಂದು ಸಲ ಪವರ್‌ಲಿಫ್ಟಿಂಗ್ (ಬೆಂಚ್ ಪ್ರೆಸ್, ಹೆಗಲ ಮೇಲೆ ಬಾರ್ ಹೊತ್ತು ಕೂತೇಳೋ ಸ್ಕ್ವಾಟ್, ನೆಲದಿಂದ ಎತ್ತೋ ಡೆಡ್‌ಲಿಫ್ಟ್) ಸ್ಪರ್ಧೆಯಲ್ಲಿ ನಿಲ್ಲಬೇಕು ಅನ್ನೋದು ಆಸೆ. ತಿಳಿದವರು ಹೇಳಿ.

ಕಬ್ಬಿಣಪ್ರೇಮಿ_ಬೆಂಗಳೂರು

ಬ್ರೋ, ವಾರಕ್ಕೆ ಒಂದು ಸಲ ಅನ್ನೋದು ಬಾಡಿಬಿಲ್ಡಿಂಗ್ ಪಟ್ಟಿ. ಶಕ್ತಿ ಬೇಕು ಅಂದ್ರೆ ದಿನಾ ಮಾಡಿ. ಬಲ್ಗೇರಿಯಾದ ವೇಟ್‌ಲಿಫ್ಟರ್‌ಗಳು ದಿನಾ ಆವತ್ತಿನ ಮ್ಯಾಕ್ಸ್ (ಒಂದು ಸಲ ಎತ್ತಬಹುದಾದ ಅತಿ ಹೆಚ್ಚು ಭಾರ) ತನಕ ಹೋಗ್ತಿದ್ರು, ಅದೂ ದಿನಕ್ಕೆ ಹಲವು ಸಲ. ಇವಾನ್ ಅಬಾಜಿಯೆವ್ ಅಂತ ಅವರ ಕೋಚ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆ ಪುಟ್ಟ ದೇಶ ವೇಟ್‌ಲಿಫ್ಟಿಂಗ್‌ನಲ್ಲೇ ಮೂರು ಚಿನ್ನ ಗೆದ್ದಿತ್ತು. ನಾನು ಮೂರು ವಾರದಿಂದ ದಿನಾ ಬೆಂಚ್ ಮ್ಯಾಕ್ಸ್ ಮಾಡ್ತಿದ್ದೀನಿ, 90ರಿಂದ 95ಕ್ಕೆ ಬಂದೆ. ಮೊಣಕೈ ಸ್ವಲ್ಪ ಹಿಡಿದಿದೆ ಅಷ್ಟೇ.

ಡಿಪೋ_ಪೈಲ್ವಾನ

ಮೇಷ್ಟ್ರ, ನಿಮ್ಮ ನೋಟ್‌ಬುಕ್ಕಿನ ಲೆಕ್ಕ ಓದಿ ಭಾಳ ಖುಷಿ ಆತು. ಹಿಂಗ ಬರದು ಇಟ್ಟವ್ರಿಗೆ ಉತ್ತರ ಹೇಳೂದು ಸಲೀಸು.

ನಾ ಬಾಗಲಕೋಟಿ ಕಡಿಯವ, ಬಸ್ ಡಿಪೋದಾಗ ಮೆಕ್ಯಾನಿಕ್, ವಯಸ್ಸು 51. 2004ರಿಂದ 2012ರ ತನಕ ಪವರ್‌ಲಿಫ್ಟಿಂಗ್ ಆಡೇನಿ. ಮೊದಲ 75 ಕೆಜಿ ವಿಭಾಗ ಇತ್ತು, 2011ರಾಗ ಅದು 74 ಆತು, ಎರಡರಾಗೂ ನಿಂತೇನಿ. ನನ್ನ ಜೀವಮಾನದ ಬೆಂಚ್ 130, ಡೆಡ್‌ಲಿಫ್ಟ್ 220.

ಆದ್ರ ಎಷ್ಟು ಸಲ ಎತ್ತಬೇಕು ಅನ್ನೂದನ್ನ ನಾ ಕಲತದ್ದು ಜಿಮ್‌ನ್ಯಾಗ ಅಲ್ಲ. ನಮ್ಮೂರ ಹನಮಪ್ಪನ ಗುಡಿ ಮುಂದ ಒಂದು ಗುಂಡುಕಲ್ಲು ಬಿದ್ದಿರ್ತಿತ್ತು. ನಮ್ಮ ಕಡೆ ಜಾತ್ರ್ಯಾಗ ಸಂಗ್ರಾಣಿ ಕಲ್ಲು, ಗುಂಡು, ಜ್ವಾಳದ ಚೀಲ ಎತ್ತೂದು ನಿಮಗ ಗೊತ್ತಿರಬೇಕು. ಹೊಲದಿಂದ ಬರೂ ಹುಡುಗೂರು ಸಂಜಿಮುಂದ ಗುಡಿ ಕಟ್ಟಿಗೆ ಬಂದು ಆ ಗುಂಡನ್ನ ಎರಡು ಸಲ ಹೆಗಲಿಗೆ ಏರಿಸಿ, ಕೈ ಜಾಡಿಸಿಕೊಂಡು ಮನಿಗೆ ಹೋಗ್ತಿದ್ರು. ದಣಿಯೂ ತನಕ ಎತ್ತಿದವ್ರನ್ನ ನಾ ನೋಡಿಲ್ಲ. ನನಗಿಂತ ತೋಳು ಸಣ್ಣ ಇದ್ದವ್ರು ಅದನ್ನ ಸರಾಗ ಎತ್ತತಿದ್ರು, ನಾ ಗರಡಿಯಾಗ ಮುನ್ನೂರು ಬಸ್ಕಿ ಹೊಡಿಯಾವ, ನನ್ನ ಕೈಲೆ ತೊಡಿ ಮ್ಯಾಲಿಂದ ಎದಿಗೆ ಬರ್ತಿದ್ದಿಲ್ಲ. ನಮ್ಮ ವಸ್ತಾದ್ರು ಒಂದ ಮಾತು ಹೇಳಿದ್ರು, ನಿನಗ ಶಕ್ತಿ ಐತಿ, ಕಲ್ಲಿನ ಪರಿಚಯ ಇಲ್ಲ ಅಂತ. ಅವತ್ತಿಂದ ನಾನೂ ದಿನಾ ಎರಡು ಸಲ ಮುಟ್ಟಿದೆ. ಎರಡು ತಿಂಗಳಿಗೆ ಗುಂಡು ಹೆಗಲು ಏರಿತು. ತೋಳಿನ ಸುತ್ತಳತಿ ಏನೂ ಬದಲಾಗಿದ್ದಿಲ್ಲ.

ಭಾರ ಎತ್ತೂದು ಅರ್ಧ ಮಾಂಸಖಂಡದ ಕೆಲಸ, ಅರ್ಧ ನರದ ಕೆಲಸ. ಯಾವ ಖಂಡ ಯಾವಾಗ ಎಷ್ಟು ಬಿಗಿಬೇಕು ಅನ್ನೂದನ್ನ ಮೈ ಕಲೀತೈತಿ. ಹಂಗಾಗಿ ನಿಮ್ಮ ಮಗ್ಗಿ ಮಾತು ಅರ್ಧಕ್ಕರ್ಧ ಖರೆ. ಉಳಿದರ್ಧ ಯಾಕ ಖರೆ ಅಲ್ಲ ಅಂದ್ರ, ಮಗ್ಗಿ ಹೇಳಿದ್ರ ನಾಲಿಗಿ ಸವಿಯೂದಿಲ್ಲ. ಭಾರ ಎತ್ತಿದ್ರ ಭುಜದ ಕೀಲು, ಮೊಣಕೈ ಕಟ್ಟು ಸವೀತಾವ. ಖಂಡ ಎರಡು ಮೂರು ದಿನಕ್ಕ ಚೇತರಿಸಿಕೊಂಡ್ರೂ ಕೀಲಿನ ಸುತ್ತಿನ ಕಟ್ಟು ನಿಧಾನ.

ಈಗ ನಿಮ್ಮ ಸೋಮವಾರ ನೋಡೂಣು. ಒಂದೇ ದಿನ 17 ಸೆಟ್. ಅದರಾಗ ನಿಜವಾದ ಭಾರದ್ದು ಮೂರೇ ಮೂರು, 5, 4, 3. ಅಂದ್ರ ಇಡೀ ವಾರದಾಗ ನಿಮ್ಮ ಮೈ 70 ಕೆಜಿಯನ್ನ ಬರೇ 12 ಸಲ ಮುಟ್ಟೈತಿ. ಅದರಾಗೂ ಕೊನೆಯ ಏಳು ಸಲ ದಣದ ಮೈಲೆ, ಬಾರ್ ವಾರಿ ಆಗಿ, ಕುಂಡಿ ಎದ್ದು ಮುಟ್ಟಿದ್ದು. ಮುಂದಿನ 12 ಸೆಟ್‌ನ್ಯಾಗ ನೀವು ಗಳಿಸಿದ್ದು ಗುರುವಾರದ ತನಕ ಬರೂ ನೋವು. ಎಷ್ಟು ದಿನ ಅನ್ನೂದು ಎರಡನೇ ಪ್ರಶ್ನೆ, ಮೇಷ್ಟ್ರ. ವಾರದಾಗ ಎಷ್ಟು ಸೆಟ್ ತಾಜಾ ಮೈಲೆ, ನೆಟ್ಟಗ ಆದವು? ಇದನ್ನ ಮೊದಲ ಕೇಳಿಕೊಳ್ರಿ. ಅದಕ್ಕ ಉತ್ತರ ಹುಡುಕಿದ್ರ ಮೂರು ದಿನ ಅನ್ನೂದು ತಾನಾಗೇ ಬರ್ತೈತಿ.

ಸೆಟ್ ಕೂಡಿಸಬ್ಯಾಡ್ರಿ, ಇದ್ದದ್ದನ್ನ ಹಂಚರಿ. 70 ಕೆಜಿ 5 ಸಲ ಅಂದ್ರ ನಿಮ್ಮ ಮ್ಯಾಕ್ಸ್ 80ರ ಆಸುಪಾಸು. (ಭಾರವನ್ನ ರೆಪ್‌ನಿಂದ, ಅಂದ್ರ ಎಷ್ಟು ಸಲ ಎತ್ತಿದ್ರಿ ಅದರಿಂದ ಗುಣಿಸಿ, 30ರಿಂದ ಭಾಗಿಸಿ, ಮತ್ತ ಭಾರಕ್ಕ ಕೂಡಿಸಿದ್ರ 81.7 ಬರ್ತೈತಿ. ಅಂದಾಜಿಗೆ ಸಾಕು.) ಹಿಂಗ ಮಾಡ್ರಿ:

ಸೋಮವಾರ 65 ಕೆಜಿ, 4 ಸೆಟ್, ಒಂದೊಂದರಾಗ 4 ಸಲ. ನಡುವ ಮೂರು ನಾಲ್ಕು ನಿಮಿಷ ಕೂಡ್ರಿ, ಅವಸರ ಬ್ಯಾಡ.

ಬುಧವಾರ 55 ಕೆಜಿ, 6 ಸೆಟ್, 3 ಸಲ. ಬಾರ್ ಎದಿ ಮ್ಯಾಲೆ ಒಂದು ಎಣಿಕಿ ನಿಲ್ಲಿಸಿ ಎತ್ತರಿ. ಸ್ಪರ್ಧೆಯಾಗ ಹಂಗೇ ಇರ್ತೈತಿ. ರೆಫ್ರಿ ಸ್ಟಾರ್ಟ್ ಅಂದಾಗ ಇಳಿಸಬೇಕು, ಬಾರ್ ಎದಿ ಮ್ಯಾಲೆ ಅಲುಗದ ನಿಂತ ಮ್ಯಾಲೆ ಪ್ರೆಸ್ ಅಂತಾನ, ಎತ್ತಿ ಹಿಡದ ಮ್ಯಾಲೆ ರ‍್ಯಾಕ್ ಅಂತಾನ. ಎದಿ ಮ್ಯಾಲೆ ಪುಟಿಸಿ ಎತ್ತಿದ ಭಾರ ಅಲ್ಲಿ ಲೆಕ್ಕಕ್ಕಿಲ್ಲ. ಈ ದಿನ ಮುಗದಾಗ ಇನ್ನೂ ಮಾಡಬಹುದಿತ್ತು ಅನಿಸಬೇಕು.

ಶನಿವಾರ 60 ಕೆಜಿ, 3 ಸೆಟ್, 6 ಸಲ. ಆಮ್ಯಾಲೆ ಬೇಕಾದ್ರ ಇನ್‌ಕ್ಲೈನ್ 2 ಸೆಟ್.

ಬುಧವಾರದ ನಿಮ್ಮ ಭುಜದ ಪ್ರೆಸ್ಸನ್ನ ಎರಡು ಸೆಟ್ಟಿಗೆ ಇಳಿಸ್ರಿ, ಅದೂ ಅದೇ ಭುಜ. ಪ್ರತಿ ಸೆಟ್‌ನ್ಯಾಗ ಇನ್ನೆರಡು ಎತ್ತಬಹುದಿತ್ತು ಅನ್ನೂವಾಗ ಇಡ್ರಿ. ನಾಲ್ಕೂ ಸೆಟ್ ನೆಟ್ಟಗ ಆದ ವಾರ ಮುಂದಿನ ಸೋಮವಾರ 2.5 ಕೆಜಿ ಏರಿಸ್ರಿ, ಆಗದಿದ್ರ ಇದ್ದಷ್ಟ ಇರ‍್ಲಿ. ಜಿಮ್‌ನ್ಯಾಗ 1.25ರ ಪ್ಲೇಟ್ ಇಲ್ಲದಿದ್ರ ಒಂದು ಜೋಡಿ ನೀವೇ ಕೊಂಡು ಚೀಲದಾಗ ಇಟ್ಕೊಳ್ರಿ. ನಾ ಲೇಥ್ ಅಂಗಡ್ಯಾಗ ಅರ್ಧ ಅರ್ಧ ಕೆಜಿಯ ಬಿಲ್ಲಿ ಕಡಿಸಿಕೊಂಡಿದ್ದೆ, ಇನ್ನೂ ಅದಾವ.

ಬೆಂಗಳೂರಿನ ತಮ್ಮಾ, ನಿನ್ನ ಉತ್ಸಾಹ ಚಲೋ. ಆದ್ರ ಮೊಣಕೈ ಹಿಡದದ್ದನ್ನ ಅಷ್ಟೇ ಅಂತ ಬರೀಬ್ಯಾಡ. 2007ರಾಗ ಜಾತ್ರಿಗೆ ತಿಂಗಳ ಮೊದಲ ನಾನೂ ದಿನಾ ದೊಡ್ಡ ಗುಂಡಿನ ಮ್ಯಾಲೆ ಬಿದ್ದೆ. ಹಳೇ ಗುಂಡು ದಿನಾ ಎರಡು ಸಲ ಎತ್ತೂದು ಬ್ಯಾರೆ, ದಿನಾ ಎಲ್ಲಾ ಶಕ್ತಿ ಹಾಕಿ ಎತ್ತೂದು ಬ್ಯಾರೆ, ಆ ಫರಕು ನನಗ ಗೊತ್ತಾಗಲಿಲ್ಲ. ಇಪ್ಪತ್ತನೇ ದಿನ ಬಲಗೈ ಮೊಣಕೈ ಮುಂದಿನ ನರ ಹಿಡೀತು. ಆ ಜಾತ್ರ್ಯಾಗ ನಾ ಕಟ್ಟಿ ಮ್ಯಾಲೆ ಕುಂತು ನೋಡಿದೆ. ಆರು ತಿಂಗಳು ಡಿಪೋದಾಗ ಸ್ಪ್ಯಾನರ್ ತಿರುವಾಕ ಎಡಗೈ ಬಳಸಿದೆ.

ಕಡಲತಡಿ_ಪಿಟಿ

ಪೈಲ್ವಾನರ ಮಾತಿಗೆ ಎರಡು ವಿಷಯ ಸೇರಿಸುತ್ತೇನೆ. ನಾನು ಉಡುಪಿ ಜಿಲ್ಲೆಯವಳು, ಕಾಲೇಜಿನಲ್ಲಿ ನಾಲ್ಕು ವರ್ಷ ವೇಟ್‌ಲಿಫ್ಟಿಂಗ್ ಮಾಡಿದ್ದೇನೆ, ಈಗ ದೈಹಿಕ ಶಿಕ್ಷಣ ಶಿಕ್ಷಕಿ. ನಮ್ಮ ಕುಂದಾಪುರದ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಎರಡು ಎತ್ತು ಸೇರಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದ ಮೇಲೆ ಇಲ್ಲಿ ಬಾರ್ ಮುಟ್ಟಲು ಬರುವ ಮಕ್ಕಳು ಹೆಚ್ಚಾಗಿದ್ದಾರೆ, ಅವರೂ ಮೊದಲು ಕೇಳುವುದು ಇದನ್ನೇ.

ಬಲ್ಗೇರಿಯಾದ ಉದಾಹರಣೆ ಬೆಂಚ್ ಪ್ರೆಸ್ಸಿಗೆ ಕೂಡಿಬರುವುದಿಲ್ಲ. ವೇಟ್‌ಲಿಫ್ಟಿಂಗ್‌ನ ಎರಡು ಎತ್ತುಗಳಾದ ಸ್ನ್ಯಾಚ್, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಭಾರವನ್ನು ತಲೆಯ ಮೇಲಕ್ಕೆ ಎತ್ತಿದ ಮೇಲೆ ಕೆಳಗೆ ಬಿಟ್ಟುಬಿಡುತ್ತೇವೆ. ನಿಧಾನವಾಗಿ ಇಳಿಸುವ ಕೆಲಸವೇ ಇಲ್ಲ. ಮರುದಿನ ಮೈನೋವು ತರುವುದು ಹೆಚ್ಚಾಗಿ ಆ ಇಳಿಸುವ ಹಂತ. ಹಾಗಾಗಿ ನಾವು ವಾರಕ್ಕೆ ಐದು ದಿನ ಸ್ನ್ಯಾಚ್ ಮಾಡಿದರೂ ತಡೆಯುತ್ತಿತ್ತು, ಸ್ಕ್ವಾಟ್ ಮಾತ್ರ ಮೂರೇ ದಿನ. ಬೆಂಚ್‌ನಲ್ಲಿ ಪ್ರತಿ ಸಲವೂ ಭಾರವನ್ನು ಎದೆಯವರೆಗೆ ಹಿಡಿದು ಇಳಿಸಬೇಕು. ಇನ್ನೊಂದು, ಅಬಾಜಿಯೆವ್ ಅವರ ಹುಡುಗರಿಗೆ ಅದೇ ಉದ್ಯೋಗ. ತಿನ್ನುವುದು, ಮಲಗುವುದು, ಎತ್ತುವುದು. ಆ ತಂಡದ ಕಥೆಯಲ್ಲಿ ಡೋಪಿಂಗ್ ಕೂಡ ಇದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಇಬ್ಬರ ಚಿನ್ನ ಹೋಯಿತು, ತಂಡ ಮಧ್ಯದಲ್ಲೇ ಹಿಂದೆ ಸರಿಯಿತು. ಬೆಳಿಗ್ಗೆ ಒಂಬತ್ತೂವರೆಗೆ ಪ್ರಾರ್ಥನೆಗೆ ನಿಲ್ಲಬೇಕಾದ ಮೇಷ್ಟ್ರಿಗೆ ಆ ಪಟ್ಟಿ ಕೊಡುವುದು ಸರಿಯಲ್ಲ ಮಾರಾಯ್ರೆ.

ಎರಡನೆಯದು ಅಧ್ಯಯನಗಳ ಮಾತು. ಹಿಂದಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಒಂದು ವಿಶ್ಲೇಷಣೆ 2018ರಲ್ಲಿ ಬಂತು. ಹೆಚ್ಚು ದಿನ ಮಾಡಿದವರಿಗೆ ಶಕ್ತಿ ಹೆಚ್ಚು ಬಂದದ್ದು ನಿಜ, ಆದರೆ ವಾರದ ಒಟ್ಟು ಕೆಲಸ ಸಮ ಇಟ್ಟಾಗ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಯಿತು. ಅಂದರೆ ಮೂರು ದಿನ ಎನ್ನುವುದರಲ್ಲೇ ಮಂತ್ರ ಇಲ್ಲ. ಮೇಷ್ಟ್ರು ಗಣಿತದವರಾದ್ದರಿಂದ ಇದನ್ನು ಮುಚ್ಚಿಡಬಾರದು ಅನಿಸಿತು.

ಡಿಪೋ_ಪೈಲ್ವಾನ

ಟೀಚರ್, ಬಲ್ಗೇರಿಯಾದ ಹುಡುಗೂರು ಯಾಕ ತಡಕೊಂಡ್ರು ಅನ್ನೂದು ನನಗ ಇಷ್ಟು ವರ್ಷ ಬಗಿಹರಿದಿದ್ದಿಲ್ಲ. ಭಾರ ಕೆಳಗ ಬಿಡೂ ಮಾತು ಓದಿ ತಿಳೀತು.

ಒಟ್ಟು ಕೆಲಸ ಸಮ ಅನ್ನೂದನ್ನೂ ಒಪ್ಪತೇನಿ. ಆದ್ರ ಹಾಳಿ ಮ್ಯಾಲೆ 13 ಸೆಟ್ ಅಂದ್ರ 13 ಸೆಟ್ಟೇ, ಬೆಂಚಿನ ಮ್ಯಾಲೆ ಹಂಗಲ್ಲ. ಒಂದೇ ಸಂಜಿಗೆ ಭಾರದ 13 ಸೆಟ್ ಮಾಡಿದ್ರ ಒಂಬತ್ತನೇದರಿಂದ ಭಾರ ಇಳಿಸಬೇಕಾಗ್ತೈತಿ, ಇಲ್ಲಾ ರೆಪ್ ಕಡಿಮಿ ಆಗ್ತಾವ. ನೌಕರಿ ಮುಗಿಸಿ ಬಂದವ್ರಿಗೆ ಅಷ್ಟು ಹೊತ್ತೂ ಇರಂಗಿಲ್ಲ. ಸಮ ಇಡಬೇಕಂದ್ರ ಹಂಚಾಕ ಬೇಕು. ನಾ ಮೂರು ದಿನ ಅನ್ನೂದು ಅದಕ್ಕ.

ಬೆಣ್ಣೆನಗರಿ_ಮೇಷ್ಟ್ರು

ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ಎಲ್ಲರಿಗೂ ಋಣಿ. 12 ಸಲ ಅನ್ನೋ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು, ನಾನು ಕೂಡಿಸಿಯೇ ನೋಡಿರಲಿಲ್ಲ.

ಎರಡು ಸಂದೇಹ. ಡೆಡ್‌ಲಿಫ್ಟನ್ನೂ ಹೀಗೇ ಮೂರು ದಿನಕ್ಕೆ ಹಂಚಲಾ? ಈಗ ಮಂಗಳವಾರ ಮಾತ್ರ, 110 ಕೆಜಿ 5 ಸಲ. ಊಟ: ಬೆಳಿಗ್ಗೆ ದೋಸೆ ಅಥವಾ ಅವಲಕ್ಕಿ, ಮಧ್ಯಾಹ್ನ ರೊಟ್ಟಿ ಅನ್ನ ಸಾರು, ಸಂಜೆ ಮಂಡಕ್ಕಿ, ರಾತ್ರಿ ರಾಗಿಮುದ್ದೆ, ದಿನಕ್ಕೆ ಎರಡು ಮೊಟ್ಟೆ. ಇದು ಸಾಕಾ?

ಡಿಪೋ_ಪೈಲ್ವಾನ

ಡೆಡ್‌ಲಿಫ್ಟ್ ಮೂರು ದಿನ ಬ್ಯಾಡ. ಅದರ ಸ್ವಭಾವ ಬ್ಯಾರೆ. ಬೆಂಚ್ ಎತ್ತಿದ್ರ ಎದಿ, ಭುಜ, ತೋಳು ದಣೀತಾವ. ಡೆಡ್‌ಲಿಫ್ಟ್ ಇಡೀ ಮನಿಷ್ಯಾನ್ನ ದಣಸ್ತೈತಿ. ಭಾರಾನೂ ದೊಡ್ಡದು, ನಡದ ಮ್ಯಾಲೆ ಬೀಳೂ ಹೊರಿ ಸ್ಕ್ವಾಟ್ ದಿನಕ್ಕೂ ಉಳೀತೈತಿ. 2009ರಾಗ ನಾ ಆರು ವಾರ ವಾರಕ್ಕ ಎರಡು ಸಲ ಜೋರಾಗಿ ಎಳದು ನೋಡೇನಿ. ಮೊದಲ ಎರಡು ವಾರ ಏರಿತು, ನಾಲ್ಕನೇ ವಾರಕ್ಕ 190 ಸೈತ ನೆಲ ಬಿಡವಲ್ದಾತು. ಬಸ್ಸಿನ ಕೆಳಗ ಪಿಟ್‌ನ್ಯಾಗ ಇಳದ್ರ ನಡ ಬಗ್ಗತಿದ್ದಿಲ್ಲ. ಮತ್ತ ವಾರಕ್ಕ ಒಂದು ಜೋರು, ಒಂದು ಹಗುರ ಮಾಡಿದ್ಮ್ಯಾಲೆ 220ಕ್ಕ ಹೋಗಿ ಮುಟ್ಟಿದೆ. ನೀವು ಮಂಗಳವಾರದ್ದನ್ನ ಹಂಗ ಇಡ್ರಿ. ಶುಕ್ರವಾರ 75 ಕೆಜಿಲೆ 4 ಸೆಟ್, 3 ಸಲ, ಬಾರ್ ಕಣಕಾಲಿಗೆ ತಾಗಿ ನೆಟ್ಟಗ ಬರೂ ಹಂಗ ಎಳೀರಿ. ಸ್ಕ್ವಾಟ್ ಬೇಕಾದ್ರ ವಾರಕ್ಕ ಎರಡು ಸಲ ಮಾಡಬಹುದು.

ಊಟದಾಗ ಪ್ರೋಟೀನ್ ಕಡಿಮಿ ಐತಿ. ಮೈತೂಕದ ಕೆಜಿಗೆ 1.6 ಗ್ರಾಂ ಹಿಡದ್ರ ನಿಮಗ 115 ಗ್ರಾಂ ಬೇಕು. ಎರಡು ಮೊಟ್ಟ್ಯಾಗ 12 ಗ್ರಾಂ ಅಷ್ಟ. ನಾಲ್ಕು ಮೊಟ್ಟಿ ಮಾಡ್ರಿ, ಅರ್ಧ ಲೀಟರ್ ಹಾಲು, 50 ಗ್ರಾಂ ಒಣ ಸೋಯಾ ಚಂಕ್ಸ್ ಸಾರಿಗೆ ಹಾಕ್ರಿ. ಇಷ್ಟಕ್ಕ 65ರ ಹತ್ರ ಬಂತು. ಉಳಿದದ್ದು ಬ್ಯಾಳಿ, ಹೆಸರಕಾಳು, ಮಸರಿನಿಂದ ಬರ‍್ಲಿ. ಮಂಡಕ್ಕಿ ಬಿಡಬ್ಯಾಡ್ರಿ, ಜೋಡಿಗೆ ಹುರಗಡಲಿ ಹೆಚ್ಚು ಹಾಕ್ಕೊಳ್ರಿ.

ಮತ್ತೊಂದು, ನಿಮ್ಮ ಜಿಮ್ಮಿನ ಬಾರ್ ತೂಗಿ ನೋಡ್ರಿ. 20 ಅಂತ ತಿಳಕೊಂಡಿರ್ತೀರಿ, ಎಷ್ಟೋ ಕಡೆ 20 ಇರಂಗಿಲ್ಲ.

ಕಡಲತಡಿ_ಪಿಟಿ

ಮೂರು ದಿನ ಬೆಂಚ್ ಮಾಡುವವರು ಅಷ್ಟೇ ಸೆಟ್ ರೋಯಿಂಗ್ (ಭಾರವನ್ನು ಮೈಕಡೆಗೆ ಎಳೆಯುವುದು) ಕೂಡ ಮಾಡಬೇಕು. ತಳ್ಳುವುದೇ ಹೆಚ್ಚಾಗಿ ಎಳೆಯುವುದು ಕಡಿಮೆಯಾದವರ ಭುಜ ಮುಂದಕ್ಕೆ ಬಂದು ನೋವು ಶುರುವಾಗಿದ್ದನ್ನು ಶಾಲೆಯ ಹುಡುಗರಲ್ಲೇ ನೋಡುತ್ತಿದ್ದೇನೆ. ಬಾರ್ ಹಿಡಿದಾಗ ಮೊಣಕೈ ಪಕ್ಕಕ್ಕೆ ಪೂರ್ತಿ ಅಗಲಿಸಬೇಡಿ. ನಾಲ್ಕನೇ ವಾರ ಅಥವಾ ಐದನೇ ವಾರ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ಪರೀಕ್ಷೆಯ ವಾರ, ಪೇಪರ್ ತಿದ್ದುವ ವಾರ ಅದನ್ನು ಇಟ್ಟುಕೊಂಡರೆ ಎರಡೂ ಕೂಡಿಬರುತ್ತದೆ.

ಬೆಣ್ಣೆನಗರಿ_ಮೇಷ್ಟ್ರು (11 ವಾರಗಳ ನಂತರ)

ಹೇಳಿದ ಹಾಗೆ ವರದಿ ಒಪ್ಪಿಸ್ತಿದ್ದೀನಿ.

ಬಾರ್ ತೂಕ ನೋಡಿದೆ. ಮನೆಯ ತೂಕದ ಯಂತ್ರ ಒಯ್ದು, ಬಾರ್ ಹಿಡಿದು ನಿಂತು, ನನ್ನ ತೂಕ ಕಳೆದೆ. 16.5 ಕೆಜಿ. ನನ್ನ 70 ಅನ್ನೋದು ನಿಜಕ್ಕೂ 66.5 ಆಗಿತ್ತು. ಒಂದು ದಿನ ಮನಸ್ಸಿಗೆ ಬೇಜಾರಾಯ್ತು. ಆಮೇಲೆ ಹೋಲಿಕೆಗೆ ಅದೇ ಬಾರು, ಅದೇ ಹಳೇ ಲೆಕ್ಕ ಇಟ್ಟುಕೊಂಡು ಮುಂದುವರಿಸಿದೆ. ಕೆಳಗಿನ ಅಂಕಿಗಳೂ ಹಾಗೇ.

ಮೊದಲ ಎರಡು ವಾರ ನಂಬಿಕೆ ಬರಲಿಲ್ಲ. ಬುಧವಾರ 55 ಕೆಜಿ ಎತ್ತಿ ಬೆವರೂ ಬಾರದೆ ಹೊರಗೆ ಬಂದಾಗ ಏನೋ ಕೆಲಸ ಬಾಕಿ ಬಿಟ್ಟ ಹಾಗೆ ಅನ್ನಿಸ್ತಿತ್ತು. ಟ್ರೈನರ್ ಕೂಡ ಯಾಕೆ ಸರ್ ಹುಷಾರಿಲ್ವಾ ಅಂದ್ರು. ಮೂರನೇ ವಾರದ ಬುಧವಾರ ಬಾರ್ ಎದೆಯ ಮೇಲೆ ನಿಲ್ಲಿಸಿದಾಗ ಮೊದಲ ಸಲ ಕಾಲು ನೆಲವನ್ನ ತಳ್ಳೋದು, ಬೆನ್ನು ಬೆಂಚಿಗೆ ಒತ್ತೋದು ಗೊತ್ತಾಯ್ತು. ಎರಡೂವರೆ ವರ್ಷದಲ್ಲಿ ನಾನು ಕಾಲನ್ನ ಬಳಸಿಯೇ ಇರಲಿಲ್ಲ. ಸುಸ್ತಾದಾಗ ಅದು ಗೊತ್ತಾಗೋದಕ್ಕೆ ಸಾಧ್ಯವೇ ಇರಲಿಲ್ಲ ಅನ್ಸುತ್ತೆ.

ಸೋಮವಾರದ 4 ಸೆಟ್ ನಾಲ್ಕನೇ ವಾರದ ಹೊತ್ತಿಗೆ 70 ಮುಟ್ಟಿತು. ಐದನೇ ವಾರ ಕಿರುಪರೀಕ್ಷೆ, ಟೀಚರ್ ಹೇಳಿದ ಹಾಗೆ ಅರ್ಧ ಮಾಡಿದೆ. ಏಳನೇ ವಾರ ಎಡಭುಜ ಸ್ವಲ್ಪ ಚುಚ್ಚಿತು, ಶನಿವಾರದ ದಿನವನ್ನ ಎರಡು ವಾರ ಬಿಟ್ಟು ರೋಯಿಂಗ್ ಮಾತ್ರ ಮಾಡಿದೆ, ಹೋಯ್ತು. ಮೊನ್ನೆ ಸೋಮವಾರ ಪರೀಕ್ಷೆ ಮಾಡಿದೆ: 75 ಕೆಜಿ 5 ಸಲ, ಐದನೆಯದೂ ನೆಟ್ಟಗೆ. ಹತ್ತು ನಿಮಿಷ ಕೂತು, ಎದೆಯ ಮೇಲೆ ನಿಲ್ಲಿಸಿ 85 ಒಂದು ಸಲ. ಹಿಂದೆ ನಿಂತಿದ್ದ ಹುಡುಗ ಬಾರ್ ಮುಟ್ಟಲಿಲ್ಲ, ಅದನ್ನ ಅವನ ಬಾಯಲ್ಲಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಮಂಗಳವಾರ ಬೋರ್ಡಿನ ಮೇಲ್ತುದಿಯಿಂದ ಪ್ರಮೇಯ ಬರೆದೆ.

ಡೆಡ್‌ಲಿಫ್ಟ್ 110ರಿಂದ 122.5. ಮೊಟ್ಟೆ ನಾಲ್ಕಾಗಿದೆ, ಸೋಯಾ ಮನೆಯಲ್ಲಿ ಮಗಳಿಗೂ ಹಿಡಿಸಿದೆ.

ಪೈಲ್ವಾನರೇ, ಇನ್ನು ಸೋಮವಾರ ಎಷ್ಟರಿಂದ ಶುರು ಮಾಡ್ಲಿ?

ಡಿಪೋ_ಪೈಲ್ವಾನ

ಮೇಷ್ಟ್ರ, ಕಣ್ಣು ತುಂಬಿ ಬಂತು. ಹುಡುಗ ಮುಟ್ಟಲಿಲ್ಲ ಅನ್ನೂದನ್ನ ನಾನೂ ಎರಡು ಸಲ ಓದಿದೆ.

ಈ ವಾರ ಹಗುರ ಇರ‍್ಲಿ, 50 ಕೆಜಿಲೆ ಎರಡು ದಿನ ಸಾಕು. ಬರೂ ಸೋಮವಾರ 70 ಕೆಜಿ 4 ಸೆಟ್, 4 ಸಲ. ಬುಧವಾರ 60, ಶನಿವಾರ 62.5. ಭುಜ ಮತ್ತ ಚುಚ್ಚಿದ್ರ ಶನಿವಾರ ಬಿಟ್ಟು ಎರಡೇ ದಿನ ಮಾಡ್ರಿ, ಅದರಿಂದ ಏನೂ ಕಳಕೊಳ್ಳಂಗಿಲ್ಲ. ಸ್ಪರ್ಧೆ ತಾರೀಖು ಗೊತ್ತಾದ್ರ ಎಂಟು ವಾರ ಮೊದಲ ಇಲ್ಲೇ ಬರೀರಿ. ಮೊದಲನೇ ಎತ್ತಿಗೆ ಎಷ್ಟು ಹೇಳಬೇಕು ಅನ್ನೂದನ್ನ ಕೂಡಿ ಲೆಕ್ಕ ಹಾಕೂಣು.